ಮಾಮೆ ಅಚ್ಯಾ ಹೇಳಿದ ಹೆಸರುಗಳು

ಕ್ವಾಕು ಅಜಾರ್ಕೊನಿಗೆ ಲೋಕದ ಮೇಲೆ ಎರಡು ದೂರುಗಳಿದ್ದವು. ಕಲೆಯ ಇತಿಹಾಸ ಓದುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದು ಮೊದಲನೆಯದು. ಯಾರೂ ಕೊಡುವುದಿಲ್ಲ ಎಂಬುದು ತನ್ನ ಹೆಂಡತಿಗೆ ಮೊದಲೇ ಗೊತ್ತಿತ್ತು ಎಂಬುದು ಎರಡನೆಯದು.

ಹದಿನಾಲ್ಕು ವರ್ಷ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದ ಅವನು ಎರಡು ವರ್ಷದ ಹಿಂದೆ ದೀರ್ಘ ರಜೆ ಹಾಕಿ ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾದ. ಸಂಬಳ ನಿಂತಿತು. ಬಾಡಿಗೆ ಮನೆ ಖಾಲಿ ಮಾಡಿ, ಹೆಂಡತಿ ಡುಫಿಯೆ, ಒಂಬತ್ತು ವರ್ಷದ ಮಗಳು ಸೆರ್ವಾ ಜೊತೆ ಅದೇ ಊರಿನ ಟಾಫೊ ಬಡಾವಣೆಯಲ್ಲಿದ್ದ ಅತ್ತೆಯ ಮನೆಗೆ ಬಂದು ಸೇರಿದ. ("ತಾತ್ಕಾಲಿಕವಾಗಿ" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅತ್ತೆ ಏನೂ ಹೇಳುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.)

ಎರಡು ವರ್ಷದಲ್ಲಿ ಅವನು ಏಳು ಕಡೆ ಅರ್ಜಿ ಹಾಕಿದ್ದ. ವಸ್ತುಸಂಗ್ರಹಾಲಯಗಳ ತರಬೇತಿ, ಪ್ರವಾಸ ಭತ್ಯೆ, ಛಾಯಾಚಿತ್ರ ದಾಖಲೆಯ ಸಹಾಯಧನ, ಬೇಸಿಗೆ ಶಿಬಿರ. ಏಳರಿಂದಲೂ ಒಂದೇ ಧಾಟಿಯ ಉತ್ತರ ಬಂತು: ಈ ಸಲ ಬಂದ ಅರ್ಜಿಗಳ ಗುಣಮಟ್ಟ ಅತ್ಯಂತ ಎತ್ತರದ್ದಾಗಿತ್ತು.

"ಅಷ್ಟು ಎತ್ತರದಲ್ಲಿ ನಿನ್ನದು ಕಾಣಿಸಲಿಲ್ಲವೇನೋ" ಎಂದಿದ್ದಳು ಡುಫಿಯೆ.

ಎಂಟನೆಯದು ರಾಜಧಾನಿ ಅಕ್ರಾದ ಒಂದು ವಸ್ತ್ರ ಸಂಗ್ರಹಾಲಯದ್ದು. ಆರು ತಿಂಗಳು ಅಲ್ಲೇ ಇದ್ದು ತರಬೇತಿ ಪಡೆಯಬೇಕು. ಜೊತೆಗೆ ಪ್ರಬಂಧ ಮುಗಿಯುವವರೆಗೆ ಸಂಶೋಧನೆಯ ಖರ್ಚೂ ಶುಲ್ಕವೂ ಅವರದೇ. ಇದು ಸಿಗದಿದ್ದರೆ ತಿಂಗಳ ಕೊನೆಗೆ ವಿಶ್ವವಿದ್ಯಾಲಯದಲ್ಲಿ ಅವನ ನೋಂದಣಿ ರದ್ದಾಗುತ್ತಿತ್ತು. ಹಳೆಯ ಶಾಲೆಯ ಹೆಡ್‌ಮಾಸ್ಟರು ಅವನ ಜಾಗವನ್ನು ಇನ್ನೂ ಖಾಲಿ ಇಟ್ಟಿದ್ದರು. ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ಸಿಕ್ಕಿ, "ಅಜಾರ್ಕೊ, ಸೀಮೆಸುಣ್ಣ ಕಾಯ್ತಿದೆ" ಎನ್ನುತ್ತಿದ್ದರು. ಆ ಧ್ವನಿಯಲ್ಲಿದ್ದ ಮಮತೆಯೇ ಕ್ವಾಕುವಿನ ಬೆನ್ನು ತಣ್ಣಗಾಗಿಸುತ್ತಿತ್ತು.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಣ್ಣ ಪ್ರಶ್ನೆ ಇತ್ತು: "ಆರು ತಿಂಗಳು ಊರು ಬಿಟ್ಟಿರಲು ಕುಟುಂಬದ ಒಪ್ಪಿಗೆ ಪಡೆದಿದ್ದೀರಾ?" ಕ್ವಾಕು "ಹೌದು" ಎಂಬ ಚೌಕದಲ್ಲಿ ಗುರುತು ಹಾಕಿದ. ಒಪ್ಪಿಗೆಯನ್ನು ಆಮೇಲೆ, ಹದವಾದ ಒಂದು ಸಂಜೆ ನೋಡಿ ಪಡೆಯುವುದು ಅವನ ಯೋಜನೆಯಾಗಿತ್ತು. ಹದವಾದ ಸಂಜೆ ಬರಲಿಲ್ಲ. ಅರ್ಜಿಯ ನಕಲು ಮಾತ್ರ ಅವನ ಪ್ಯಾಂಟಿನ ಜೇಬಿನಲ್ಲಿ ಮಡಚಿಕೊಂಡು ಕುಳಿತಿತ್ತು. ಪ್ಯಾಂಟು ಒಗೆಯುತ್ತಿದ್ದವಳು ಡುಫಿಯೆ. ಈ ಎರಡು ಸಂಗತಿಗಳನ್ನು ಅವನು ಒಟ್ಟಿಗೆ ಇಟ್ಟು ಯೋಚಿಸಲಿಲ್ಲ.

ಸಂಶೋಧನೆಯ ವಿಷಯಕ್ಕೆ ಅವನು ದೂರ ಹೋಗಬೇಕಾಗಿರಲಿಲ್ಲ. ಅತ್ತೆ ಮಾಮೆ ಅಚ್ಯಾ ಕೆಜೆಟಿಯಾ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ಮೇಣದ ಅಚ್ಚಿನ ಬಟ್ಟೆ ಮಾರುವವಳು. ಡುಫಿಯೆ ಅದೇ ಅಂಗಡಿಯಲ್ಲಿ ಬೆಳೆದವಳು. ಕಾರ್ಖಾನೆಯಿಂದ ಬಟ್ಟೆ ಬರುವಾಗ ಅದಕ್ಕೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಹೆಸರು ಇಡುವವರು ಮಾರುಕಟ್ಟೆಯ ಹೆಂಗಸರು. ಹೆಸರಿಲ್ಲದ ಬಟ್ಟೆ ಮಾರಾಟವಾಗುವುದಿಲ್ಲ. ಗಂಡನಿಗೆ, ನಾದಿನಿಗೆ, ಪಕ್ಕದ ಮನೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಹೆಸರು ನೋಡಿ ಉಟ್ಟು ಹೇಳುತ್ತಾರೆ. ಕ್ವಾಕುವಿನ ಪ್ರಬಂಧ ಇದರ ಮೇಲೆಯೇ: "ಕುಮಾಸಿ ಸ್ತ್ರೀಯರ ಉಡುಗೆಯಲ್ಲಿ ಮೌನಭಾಷೆ."

ಹೋದ ವರ್ಷ ಅವನು ಅತ್ತೆಯನ್ನು ಮನೆಯ ಮುಂದಿನ ಜಗಲಿಯಲ್ಲಿ ಕೂರಿಸಿ ನಾಲ್ಕು ದಿನ ಸಂದರ್ಶನ ಮಾಡಿದ್ದ. ವಿಶ್ವವಿದ್ಯಾಲಯದ ನಿಯಮದಂತೆ ಮೊದಲು ಮೂರು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ. ಬಿಸಿಲು ಕಣ್ಣಿಗೆ ಬೀಳದಿರಲೆಂದು ತಾನು ರಸ್ತೆಗೆ ಬೆನ್ನು ಮಾಡಿ ಕುಳಿತ. ಒಂದೊಂದು ಬಟ್ಟೆ ತೋರಿಸಿದಾಗಲೂ ಅತ್ತೆ ತಕ್ಷಣ ಉತ್ತರಿಸುತ್ತಿರಲಿಲ್ಲ. ಅವನ ಭುಜದ ಆಚೆಗೆ ಬಹುದೂರ ದೃಷ್ಟಿ ನೆಟ್ಟು, ಸ್ವಲ್ಪ ಹೊತ್ತು ಕಾದು, ಆಮೇಲೆ ಹೆಸರು ಹೇಳುತ್ತಿದ್ದಳು. ಕ್ವಾಕು ಅದನ್ನೂ ಬರೆದುಕೊಂಡ: "ಮಾಹಿತಿದಾರಳು ಗತಕಾಲದೊಳಗೆ ಇಳಿಯುತ್ತಾಳೆ."

*

ಬುಧವಾರ ಪತ್ರ ಬಂತು. ಆಯ್ಕೆ ಸಮಿತಿಯ ಪ್ರೊಫೆಸರ್ ಅದೊಮಾಕೊ ಶನಿವಾರ ಬೆಳಿಗ್ಗೆ ಹತ್ತಕ್ಕೆ ಖುದ್ದಾಗಿ ಮನೆಗೇ ಬಂದು ಸಂಗ್ರಹವನ್ನು ನೋಡುವರು. ಸಂಗ್ರಹವೆಂದರೆ ಅತ್ತೆಯ ಮಂಚದ ಕೆಳಗಿದ್ದ ತಗಡಿನ ಟ್ರಂಕು. ಅರ್ಜಿಯಲ್ಲಿ ಕ್ವಾಕು ಅದನ್ನು "ಖಾಸಗಿ ವಸ್ತ್ರ ಭಂಡಾರ" ಎಂದು ಕರೆದಿದ್ದ.

ತೊಡಕೆಂದರೆ, ಶನಿವಾರ ಕುಮಾಸಿಯಲ್ಲಿ ಉತ್ತರಕ್ರಿಯೆಗಳ ದಿನ.

"ನಾಳೆ ನಾನು ಸಾವಿನ ಮನೆಗೆ ಹೋಗ್ಬೇಕು, ಮೇಷ್ಟ್ರೇ" ಎಂದಳು ಮಾಮೆ ಅಚ್ಯಾ ಶುಕ್ರವಾರ. ಅಳಿಯನನ್ನು ಅವಳು ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು, ಅವನಿಗೆ ಸಂಬಳವಿದ್ದ ಕಾಲದ ನೆನಪಿಗೆ.

"ಮಾಮೆ, ಸತ್ತವರು ಕಾಯ್ತಾರೆ. ಪ್ರೊಫೆಸರು ಕಾಯಲ್ಲ."

"ಸತ್ತೋರು ಕಾಯ್ತಾರೆ ಕಣ್ರಿ. ಅವರ ಅಕ್ಕತಂಗೀರು ಕಾಯಲ್ಲ. ಯಾರು ಎಷ್ಟು ಹೊತ್ತಿಗೆ ಬಂದ್ರು ಅಂತ ಬರ್ಕೊಳ್ಳೋಕೇ ಒಬ್ಬನ್ನ ಮೇಜು ಹಾಕಿ ಕೂರಿಸಿರ್ತಾರೆ."

"ಹನ್ನೆರಡರವರೆಗೆ ಮಾತ್ರ ಮಾಮೆ. ನನ್ನ ಜೀವನದ ಪ್ರಶ್ನೆ."

"ಇದು ಎಷ್ಟನೇ ಜೀವನ?" ಅಂಗಳದಿಂದ ಡುಫಿಯೆಯ ಧ್ವನಿ ಬಂತು.

"ಎಂಟನೇದು" ಎಂದಳು ಸೆರ್ವಾ, ಲೆಕ್ಕದಲ್ಲಿ ಜಾಣೆ.

ಅತ್ತೆ ಒಪ್ಪಿದಳು. ಹನ್ನೆರಡಕ್ಕೆ ಟ್ಯಾಕ್ಸಿ ಹೇಳಿದ್ದಾಳೆ, ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಅವಳು ಈ ಮನೆಯಲ್ಲಿ ಇರುವುದಿಲ್ಲ. ಡುಫಿಯೆ ಮಾತ್ರ ಏನನ್ನೂ ಒಪ್ಪಲಿಲ್ಲ, ಏನನ್ನೂ ನಿರಾಕರಿಸಲೂ ಇಲ್ಲ. ಈಚೆಗೆ ಅವಳು ಮಾತು ಕಡಿಮೆ ಮಾಡಿದ್ದಳು. ಸಂಜೆ ಅಂಗಡಿಯಿಂದ ಬಂದವಳೇ ಬಟ್ಟೆ ಬದಲಿಸಿ, ಅವನು ಬರೆಯುತ್ತಿದ್ದ ಮೇಜಿನ ಮುಂದೆ ಎರಡು ಸಲ ಓಡಾಡಿ ಒಳಗೆ ಹೋಗುತ್ತಿದ್ದಳು. ಒಂದು ವಾರ ಬೀಗದ ಕೈಗಳ ಚಿತ್ತಾರ, ಇನ್ನೊಂದು ವಾರ ಕುದಿಯುವ ಕೆಟಲುಗಳ ಚಿತ್ತಾರ. ಕ್ವಾಕು ಇದನ್ನು ಗಮನಿಸಿದ್ದ. ಕೆಟಲಿನ ದಿನ, "ಸ್ವಲ್ಪ ಹಾಗೇ ನಿಲ್ಲು" ಎಂದು ಅಂಚಿನ ಫೋಟೊ ಕೂಡ ತೆಗೆದುಕೊಂಡಿದ್ದ. ನೀಲಿ ಬಣ್ಣ ಅಪರೂಪವಾಗಿ ಕಚ್ಚಿಕೊಂಡಿತ್ತು.

*

ಶನಿವಾರ ಹತ್ತಕ್ಕೆ ಐದು ನಿಮಿಷವಿರುವಾಗ ಗೇಟಿನ ಮುಂದೆ ಕಾರು ನಿಂತಿತು. ಪ್ರೊಫೆಸರ್ ಅದೊಮಾಕೊ ಅರವತ್ತು ದಾಟಿದ, ಕುಳ್ಳಗಿನ ಹೆಂಗಸು. ಕಾಲಲ್ಲಿ ಸಾದಾ ಚಪ್ಪಲಿ, ಕೈಯಲ್ಲಿ ದೊಡ್ಡದೊಂದು ಚೀಲ. ಕ್ವಾಕು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದೇ ಇಟ್ಟಿದ್ದ. ಅವರು ಕುರ್ಚಿಗೆ ಬೆನ್ನು ತಾಗಿಸುವ ಮೊದಲೇ ಶುರು ಮಾಡಿದ.

"ಮೇಡಂ, ಮೊದಲನೆಯ ಚಿತ್ರಪಟದಲ್ಲಿ ತಾವು ಗಮನಿಸಬಹುದಾದ..."

"ಮೇಷ್ಟ್ರೇ" ಎಂದಳು ಅತ್ತೆ. ಸಾವಿನ ಮನೆಯ ಕಪ್ಪು ಬಟ್ಟೆ ಉಟ್ಟು ಮೂಲೆಯಲ್ಲಿ ಕುಳಿತಿದ್ದಳು. "ಬಂದೋರಿಗೆ ನೀರು ಕೊಟ್ಟಿಲ್ಲ. ಯಾಕೆ ಬಂದ್ರಿ ಅಂತ ಕೇಳಿಲ್ಲ."

"ಯಾಕೆ ಬಂದಿದ್ದಾರೆ ಅಂತ ಎಲ್ಲರಿಗೂ ಗೊತ್ತಲ್ಲ ಮಾಮೆ!"

"ಗೊತ್ತಿದ್ರೂ ಕೇಳ್ಬೇಕು."

ನೀರು ಬಂತು. ಪ್ರೊಫೆಸರು ಕುಡಿದರು. ಅತ್ತೆ ಬಂದ ಕಾರಣ ಕೇಳಿದಳು. ಪ್ರೊಫೆಸರು ಊರಿನವರ ಕ್ಷೇಮದಿಂದ ಹಿಡಿದು ದಾರಿಯ ದೂಳಿನವರೆಗೆ ವಿವರವಾಗಿ ಹೇಳಿದರು. ಹನ್ನೊಂದು ನಿಮಿಷ ಹೋಯಿತು. ಕ್ವಾಕು ಗಡಿಯಾರ ನೋಡಿದ. ಅಂಗಿಯ ಕಂಕುಳು ಒದ್ದೆಯಾಗಿತ್ತು. ತೆರೆದ ಬಾಗಿಲಿನಾಚೆ ಅಂಗಳದಲ್ಲಿ ಡುಫಿಯೆ ಮಣೆಯ ಮೇಲೆ ಕುಳಿತು ಬೇಯಿಸಿದ ಗೆಣಸು, ಬಾಳೆಕಾಯಿ ಹಾಕಿ ಊಟಕ್ಕೆ ಫುಫು ಕುಟ್ಟುತ್ತಿದ್ದಳು. ಗಿಡ್ಡ ಒನಕೆ ಒರಳಿನಲ್ಲಿ ದಪ್, ದಪ್ ಎಂದು ಒಂದೇ ಲಯದಲ್ಲಿ ಬೀಳುತ್ತಿತ್ತು.

"ನಮ್ಮಲ್ಲಿ ನಾನೂರು ಬಟ್ಟೆ ಇದೆ" ಎಂದರು ಪ್ರೊಫೆಸರು ಕೊನೆಗೆ. "ಹಳೇ ವ್ಯಾಪಾರಿ ಮನೆಯವರು ಕೊಟ್ಟಿದ್ದು. ಜೊತೆಗಿದ್ದ ಹೆಸರಿನ ಪಟ್ಟೀನ ಗೆದ್ದಲು ತಿಂದು ಹಾಕಿದೆ. ಒಂದಕ್ಕೂ ಹೆಸರಿಲ್ಲ. ತರಬೇತಿಗೆ ಬರೋರ ಕೆಲಸ ಅಂದ್ರೆ ಅದೇ, ಅವಕ್ಕೆ ಹೆಸರು ಹುಡುಕೋದು. ಮೂರು ತುಂಡು ತಂದಿದ್ದೀನಿ. ನೋಡಿ, ಮಿಸ್ಟರ್ ಅಜಾರ್ಕೊ."

ಮೊದಲನೆಯದರಲ್ಲಿ ಸಾಲು ಸಾಲು ಮೀನು. ಕ್ವಾಕು ಎತ್ತಿ ಬೆಳಕಿಗೆ ಹಿಡಿದ. ಮೇಣ ಬಿರುಕು ಬಿಟ್ಟ ರೀತಿ, ಕೆಂಪಿನ ಕೆಳಗೆ ನೀಲಿ ಇಣುಕುವ ಬಗೆ, ಅಚ್ಚು ಎಷ್ಟು ಹಳೆಯದು ಎಂಬುದನ್ನೆಲ್ಲ ಸ್ಪಷ್ಟವಾಗಿ, ತಡವರಿಸದೆ ಹೇಳಿದ. ಪ್ರೊಫೆಸರು ತಲೆಯಾಡಿಸುತ್ತ ಬರೆದುಕೊಂಡರು.

"ಹೆಸರು?"

"'ಎಡಗಡೆಯಿಂದ ಬನ್ನಿ.' ನಮ್ಮಲ್ಲಿ ಎಡಗೈ ನಿಷಿದ್ಧವಲ್ಲವೇ ಮೇಡಂ. ಆ ನಿಷೇಧವನ್ನೇ ಸ್ತ್ರೀಯರು ಪ್ರಶ್ನಿಸಿದ ಅಪೂರ್ವ ನಿದರ್ಶನ ಇದು. ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ಪುಟ ಬರೆದಿದ್ದೇನೆ."

ಒನಕೆ ನಿಂತಿತು.

"ಅರ್ಜಿ ಜೊತೆ ಕಳಿಸಿದ್ರಲ್ಲ, ಓದಿದ್ದೀನಿ" ಎಂದರು ಪ್ರೊಫೆಸರು. "ಎರಡನೇದು?"

ಒಂದಕ್ಕೊಂದು ತಾಗದಂತೆ ಇಟ್ಟ ಕುರ್ಚಿಗಳ ಚಿತ್ತಾರ.

"'ಅಂತರ ಕಾಯ್ದುಕೊಳ್ಳಿ.' ದಾಂಪತ್ಯದೊಳಗೆ ಹೆಣ್ಣು ಬೇಡುವ ಅವಕಾಶದ ರೂಪಕ. ಇದಕ್ಕೆ ಒಂದು ಇಡೀ ಅಧ್ಯಾಯವನ್ನೇ..."

ಪ್ರೊಫೆಸರು ಪೆನ್ನು ಕೆಳಗಿಟ್ಟರು. "ಮಿಸ್ಟರ್ ಅಜಾರ್ಕೊ, ನಮ್ಮ ಸಂಗ್ರಹಾಲಯದ ಲಾರಿ ಹಿಂದೆ ಏನು ಬರೆದಿದೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಕುರ್ಚಿಗಳ ಬಟ್ಟೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ.

ಪ್ರೊಫೆಸರು ಮೂರನೆಯ ತುಂಡನ್ನು ತೋರಿಸಲಿಲ್ಲ. ಚೀಲದಿಂದ ಷ್ನಾಪ್ಸ್ ಸಾರಾಯಿಯ ಬಾಟಲಿಯೊಂದನ್ನು ತೆಗೆದು, ಎದ್ದು ಮೂಲೆಗೆ ಹೋಗಿ, ಎರಡೂ ಕೈಯಲ್ಲಿ ಅತ್ತೆಯ ಮುಂದೆ ಹಿಡಿದರು. "ಮಾಮೆ, ಕೇಳೋಕೆ ಬಂದಿದ್ದೀನಿ. ಬರಿಗೈಲಿ ಬಂದಿಲ್ಲ."

ಮಾಮೆ ಅಚ್ಯಾ ಬಾಟಲಿಯನ್ನು ತಿರುಗಿಸಿ ನೋಡಿದಳು. ಮುಚ್ಚಳ ಭದ್ರವಾಗಿತ್ತು. ಅದನ್ನು ತೆರೆದು, ಹೊಸ್ತಿಲಾಚೆಯ ಮಣ್ಣಿಗೆ ಹಿರಿಯರ ಹೆಸರಲ್ಲಿ ನಾಲ್ಕು ಹನಿ ಚೆಲ್ಲಿ, ತಾನೂ ಒಂದು ಗುಟುಕು ಕುಡಿದು ಬಂದು ನೆಟ್ಟಗೆ ಕುಳಿತಳು. ಎರಡು ವರ್ಷದಲ್ಲಿ ಕ್ವಾಕು ಅವಳನ್ನು ಹೀಗೆ ಕಂಡಿರಲಿಲ್ಲ.

"ಈಗ ಕೇಳಿ ಪ್ರೊಫೆಸರಮ್ಮ."

"ಈ ಮೀನು?"

"'ಹಂಚಿಕೊಂಡು ತಿಂದ್ರೆ ಮುಳ್ಳೂ ನಿಂದೇ.' ಸವತಿ ಬಂದಾಗ ಉಡೋದು. ನಾನು ಅಂಗಡಿ ಇಟ್ಟ ಎರಡನೇ ವರ್ಷ ಬಂತು."

ಅವಳ ದೃಷ್ಟಿ ಈ ಸಲ ಎಲ್ಲಿಯೂ ದೂರ ಹೋಗಲಿಲ್ಲ.

"ಮಾಮೆ!" ಕ್ವಾಕು ಎದ್ದುನಿಂತ. "ನನಗೆ ಎಡಗಡೆಯಿಂದ ಬನ್ನಿ ಅಂದಿದ್ದಿರಲ್ಲ! ನಾಲ್ಕು ದಿನ ಕೂತು ಬರೆದುಕೊಂಡೆನಲ್ಲ!"

"ನೀವು ಏನು ತಂದಿದ್ರಿ?"

"ಏನು ತರಬೇಕಿತ್ತು? ಒಪ್ಪಿಗೆ ಪತ್ರ ತಂದಿದ್ದೆ!"

"ಹಾಂ. ಕಾಗದ ತಂದು ಸಹಿ ಹಾಕಿಸ್ಕೊಂಡ್ರಿ, ಸಾಲ ಕೊಡೋರ ಹಾಗೆ. ಆಮೇಲೆ ರಸ್ತೆಗೆ ಬೆನ್ನು ಮಾಡಿ ಕೂತ್ರಿ. ನಾನು ಏನ್ ಮಾಡ್ಲಿ? ಅಳಿಯಂದಿರು ಕೇಳಿದಾಗ ಇಲ್ಲ ಅನ್ನೋಕಾಗಲ್ಲ. ಎದುರುಗಡೆ ಟ್ರೊಟ್ರೊ ವ್ಯಾನುಗಳು ಜನ ತುಂಬ್ಕೊಂಡು ಹೋಗ್ತಿದ್ವು. ಹಿಂದುಗಡೆ ಏನು ಬರ್ಕೊಂಡಿತ್ತೋ ಅದನ್ನ ಹೇಳ್ತಾ ಹೋದೆ."

ಅಂಗಳದಿಂದ ವಿಚಿತ್ರ ಸದ್ದು ಬಂತು. ಡುಫಿಯೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಕ್ವಾಕು ಕುಳಿತುಕೊಂಡ. ಬಾಟಲಿ ಇಲ್ಲದೆ ಹಿರಿಯರನ್ನು ಏನೂ ಕೇಳಬಾರದು ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ಪ್ರಬಂಧದ ಮೊದಲ ಅಧ್ಯಾಯದಲ್ಲಿ ಅದರ ಮಹತ್ವವನ್ನು ಎರಡು ಪುಟ ವಿವರಿಸಿದ್ದ. ದಿನಾ ಒಂದೇ ಪಾತ್ರೆಯ ಸಾರು ಉಣ್ಣುವ ಅತ್ತೆಯೂ ಹಿರಿಯರ ಲೆಕ್ಕಕ್ಕೆ ಬರುತ್ತಾಳೆ ಎಂದು ಮಾತ್ರ ಹೊಳೆದಿರಲಿಲ್ಲ.

"ನಿಮ್ಮ ಮೂರನೇ ಅಧ್ಯಾಯದಲ್ಲಿ 'ಹಾರ್ನ್ ಹೊಡೆಯಿರಿ' ಅನ್ನೋ ಬಟ್ಟೆ ಬರುತ್ತೆ" ಎಂದರು ಪ್ರೊಫೆಸರು ಮೆಲ್ಲಗೆ. "ಅಲ್ಲಾದ್ರೂ ಅನುಮಾನ ಬರಲಿಲ್ವಾ?"

"ದೃಷ್ಟಿ ಮತ್ತು ಶ್ರವಣಗಳ ಸಂಗಮ ಅಂದುಕೊಂಡೆ" ಎಂದ ಕ್ವಾಕು. ಕಣ್ಣಿನ ಮುಂದೆ ಸೀಮೆಸುಣ್ಣ ಕಾಣುತ್ತಿತ್ತು, ಡಬ್ಬಿಗಟ್ಟಲೆ.

"ಆ ಬಟ್ಟೆ ಎಲ್ಲಿದೆ? ಅದನ್ನ ನೋಡೋಕೇ ನಾನು ಇಷ್ಟು ದೂರ ಬಂದಿದ್ದು."

"ಟ್ರಂಕಿನಲ್ಲಿ..."

"ಟ್ರಂಕಲ್ಲಿಲ್ಲ" ಎಂದಳು ಡುಫಿಯೆ. ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದಳು. ಆ ಬಟ್ಟೆ ಅವಳ ಮೈಮೇಲಿತ್ತು: ಹಳದಿ ನೆಲದ ಮೇಲೆ ದೊಡ್ಡ ದೊಡ್ಡ ತೆರೆದ ಕಣ್ಣುಗಳು, ಕಣ್ಣಿನ ನಡುವೆ ಪಾಪೆಯಿಲ್ಲ. ಬೆಳಗಿನಿಂದ ಅವಳು ಅದನ್ನೇ ಉಟ್ಟು ಅವನ ಮುಂದೆ ಓಡಾಡಿದ್ದಳು. ತಿಂಡಿ ಬಡಿಸಿದ್ದಳು. ಕ್ವಾಕು ನೋಡಿರಲಿಲ್ಲ.

"ಇದರ ಹೆಸರೇನಮ್ಮ?"

"'ಅಚ್ಯಾಳ ಅಳಿಯ ನೋಡ್ತಾ ಇದಾನೆ'" ಎಂದಳು ಡುಫಿಯೆ. "ನಮ್ಮ ಮದುವೆಯಾದ ವಾರ ಬಂದ ಮಾಲು. ಅಮ್ಮನೇ ಇಟ್ಟ ಹೆಸರು. ತೆಚಿಮಾನ್ ಸಂತೆ ತನಕ ಇದೇ ಹೆಸರಲ್ಲಿ ಮಾರಾಟ ಆಗಿದೆ."

"ಒಳ್ಳೇ ಓಟ ಇತ್ತು" ಎಂದಳು ಮಾಮೆ ಅಚ್ಯಾ, ವ್ಯಾಪಾರದ ಸಮಾಧಾನದಿಂದ.

"ಇವತ್ತು ಯಾಕೆ ಉಟ್ಟೆ?" ಪ್ರೊಫೆಸರು ಈಗ ಡುಫಿಯೆಯನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

"ಇದು ಮೂರನೇದು ಮೇಡಂ. ಮೊದಲು ಬೀಗದ ಕೈದು ಉಟ್ಟೆ. ಅದರ ಹೆಸರು 'ನಿನ್ನ ಪೆಟ್ಟಿಗೆ ನಾನೂ ತೆಗೆದೆ.' ಆಮೇಲೆ ಕೆಟಲು, 'ನೀನು ಹೋದ್ರೆ ನೀರು ಕಾಯಲ್ವಾ.' ಇವನು ಫೋಟೊ ತೆಗೆದ."

"ಡುಫಿಯೆ, ಏನಿದ್ರೂ ಬಾಯಲ್ಲಿ ಹೇಳಬಾರದಿತ್ತಾ?" ಎಂದ ಕ್ವಾಕು.

"ಮೂರು ವಾರದಿಂದ ಹೇಳ್ತಾನೇ ಇದೀನಿ, ಸೆರ್ವಾ ಅಪ್ಪ. ಕುಮಾಸಿ ಹೆಂಗಸರ ಮೌನಭಾಷೆ ಓದೋಕೆ ಬರೋ ಗಂಡ ಇದಾನಲ್ಲ ಮನೇಲಿ ಅಂದ್ಕೊಂಡೆ."

ಪ್ರೊಫೆಸರು ಕಡತ ತೆರೆದು ಅರ್ಜಿಯ ಕೊನೆಯ ಪುಟಕ್ಕೆ ಬಂದರು. ಕ್ವಾಕುವಿಗೆ ಆ ಚೌಕ ಮೇಜಿನಾಚೆಯಿಂದಲೂ ಕಂಡಿತು. ಅವನು ಹಾಕಿದ್ದ ಗುರುತು ಇಷ್ಟು ದಪ್ಪವಿತ್ತೆಂದು ಅವನಿಗೆ ನೆನಪಿರಲಿಲ್ಲ. ಇಲ್ಲಿ ಹುಸಿ ಹೇಳಿದ್ದು ಸಾಬೀತಾದರೆ ಈ ಅರ್ಜಿಯಷ್ಟೇ ಅಲ್ಲ, ಇನ್ನೆಲ್ಲೂ ಅವನ ಅರ್ಜಿಯನ್ನು ಯಾರೂ ತೆರೆಯುವುದಿಲ್ಲ.

"ಕುಟುಂಬದ ಒಪ್ಪಿಗೆ ಇದೆ ಅಂತ ಇಲ್ಲಿ ಬರೆದಿದೆ" ಎಂದರು ಅವರು. "ಆರು ತಿಂಗಳು ಅಕ್ರಾ. ನಿಮ್ಮನ್ನ ಕೇಳಿದ್ರಾ, ಅಮ್ಮ?"

ಡುಫಿಯೆ ಗಂಡನನ್ನು ನೋಡಿದಳು. ಅವಳ ಬಟ್ಟೆಯ ಕಣ್ಣುಗಳೂ ಅವನನ್ನೇ ನೋಡುತ್ತಿದ್ದವು. ಹೊರಗೆ ಟ್ಯಾಕ್ಸಿಯೊಂದು ಬಂದು ಹಾರ್ನ್ ಹೊಡೆಯಿತು, ಹನ್ನೆರಡಾಗಿತ್ತು. ಅತ್ತೆ ಎದ್ದವಳು, ಹೋಗದೆ ನಿಂತಳು. ಸಾವಿನ ಮನೆಯವರು ಏನು ಬೇಕಾದರೂ ಬರೆದುಕೊಳ್ಳಲಿ ಎಂಬಂತಿತ್ತು ಆ ನಿಲುವು.

"ಒಪ್ಪಿಗೆ ಇದೆ" ಎಂದಳು ಡುಫಿಯೆ.

ಜಗತ್ತಿನಲ್ಲಿ ಇಂಥ ಹೆಂಡತಿ ಇನ್ನೊಬ್ಬಳಿಲ್ಲ ಎಂದು ಆ ಕ್ಷಣ ಕ್ವಾಕುವಿಗೆ ಅನ್ನಿಸಿತು. ಪ್ರಬಂಧವನ್ನು ಅವಳಿಗೇ ಅರ್ಪಿಸಬೇಕೆಂದೂ ನಿರ್ಧರಿಸಿದ. ಒಪ್ಪಿಗೆ ಯಾರು ಹೋಗುವುದಕ್ಕೆ ಎಂದು ಅವಳು ಹೇಳಿಲ್ಲ ಎಂಬುದು ಅವನಿಗಾಗಲಿ, ಬಹುಶಃ ಅವಳಿಗಾಗಲಿ ಆಗ ಹೊಳೆಯಲಿಲ್ಲ. ಪ್ರೊಫೆಸರಿಗೆ ಹೊಳೆದಿರಬೇಕು. ಅವರು ಪೆನ್ನು ತೆಗೆದು ಏನೋ ಬರೆದರು.

*

ಎರಡು ವಾರದ ಮೇಲೆ ಒಂದೇ ಲಕೋಟೆಯಲ್ಲಿ ಎರಡು ಪತ್ರ ಬಂದವು.

ಮೊದಲನೆಯದು ಕ್ವಾಕುವಿಗೆ. ಬಣ್ಣ ಮತ್ತು ಅಚ್ಚಿನ ಬಗ್ಗೆ ಅವನ ತಿಳಿವಳಿಕೆಯನ್ನು ಸಮಿತಿ ಮೆಚ್ಚಿದೆ. ತಪ್ಪು ಹೆಸರುಗಳ ಮೇಲೆಯೇ ಮೂರು ಅಧ್ಯಾಯ ಬರೆಯಬಲ್ಲವನು ಸರಿಯಾದ ಹೆಸರು ಸಿಕ್ಕರೆ ಇನ್ನೂ ಚೆನ್ನಾಗಿ ಬರೆದಾನು ಎಂಬ ಭರವಸೆಯಿಂದ ಸಂಶೋಧನೆಯ ಸಹಾಯಧನ ಮಂಜೂರು ಮಾಡಿದೆ. ನೋಂದಣಿ ಉಳಿಯಿತು. ಒಂದು ಷರತ್ತು: ಅವನು ಕುಮಾಸಿಯಲ್ಲೇ ಇದ್ದು ಕ್ಷೇತ್ರಕಾರ್ಯವನ್ನು ಮೊದಲಿನಿಂದ ಮಾಡಬೇಕು, ಪ್ರತಿ ತಿಂಗಳ ವರದಿಗೆ ಕ್ಷೇತ್ರ ಮೇಲ್ವಿಚಾರಕಿ ಮಾಮೆ ಅಚ್ಯಾ ಅವರ ಸಹಿ ಇರಬೇಕು.

ಎರಡನೆಯದು ಡುಫಿಯೆಗೆ. ನಾನೂರು ಬಟ್ಟೆಗಳಿಗೆ ಹೆಸರು ಹೇಳಲು ಆರು ತಿಂಗಳು ಅಕ್ರಾಕ್ಕೆ ಬರಬೇಕು, ಊಟ ವಸತಿ ಅವರದು. ಜೊತೆಗೆ ತುಂಬಲು ಒಂದು ಅರ್ಜಿ.

ಕ್ವಾಕು ಅದನ್ನು ನೋಡುವ ಹೊತ್ತಿಗೆ ಅವಳು ಎಲ್ಲ ತುಂಬಿಯಾಗಿತ್ತು. ಕೊನೆಯ ಪುಟದ ಸಣ್ಣ ಪ್ರಶ್ನೆಯ ಮುಂದೆ "ಹೌದು" ಎಂಬ ಚೌಕದಲ್ಲಿ ದಪ್ಪಗೆ ಗುರುತು ಬಿದ್ದಿತ್ತು.

"ನನ್ನನ್ನ ಕೇಳಲಿಲ್ವಲ್ಲ?" ಎಂದ.

"ಹದವಾದ ಸಂಜೆ ಸಿಗಲಿಲ್ಲ" ಎಂದಳು ಡುಫಿಯೆ. "ಸೆರ್ವಾ ಸಮವಸ್ತ್ರ ಸೋಮವಾರ, ಗುರುವಾರ ಒಗಿ. ಮಧ್ಯಾಹ್ನ ಅಮ್ಮನ ಅಂಗಡಿ ನೋಡ್ಕೋ. ಜೇಬು ತಡಕಿ ಆಮೇಲೆ ನೆನೆಹಾಕು."

ಅವಳು ಬಸ್ಸು ಹತ್ತಿದ ಮರುದಿನ ಕ್ವಾಕು ಷ್ನಾಪ್ಸ್ ಬಾಟಲಿ ತಂದ. ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಇಟ್ಟ. ಜಗಲಿಯಲ್ಲಿ ಈ ಸಲ ಅವಳ ಕುರ್ಚಿಯನ್ನು ರಸ್ತೆಗೆ ಬೆನ್ನು ಮಾಡಿ ಹಾಕಿದ. ತಾನು ರಸ್ತೆಗೆ ಎದುರಾಗಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿ ಕುಳಿತ. ಹಳೆಯ ಮೂರು ಅಧ್ಯಾಯಗಳನ್ನು ಅವನು ಹರಿದು ಒಲೆಗೆ ಹಾಕಿಯಾಗಿತ್ತು. ಲ್ಯಾಪ್‌ಟಾಪಿನಿಂದಲೂ ಅಳಿಸಿದ್ದ.

ಅತ್ತೆ ಹಿರಿಯರಿಗೆ ನಾಲ್ಕು ಹನಿ ಚೆಲ್ಲಿದಳು. ಅವನು ಟ್ರಂಕಿನಿಂದ ಮೊದಲು ಕೈಗೆ ಸಿಕ್ಕ ಬಟ್ಟೆಯನ್ನು ಬಿಚ್ಚಿದ. ಒಂದಕ್ಕೊಂದು ತಾಗದಂತೆ ಇಟ್ಟ ಕುರ್ಚಿಗಳು.

"'ಅಂತರ ಕಾಯ್ದುಕೊಳ್ಳಿ'" ಎಂದಳು ಮಾಮೆ ಅಚ್ಯಾ.

ಕ್ವಾಕು ರಸ್ತೆ ನೋಡಿದ. ಎರಡೂ ದಿಕ್ಕಿನಲ್ಲಿ ಖಾಲಿ. ಒಂದು ಮೇಕೆ ಮಾತ್ರ ದಾಟುತ್ತಿತ್ತು.

"ಮಾಮೆ, ಅದು ಟ್ರೊಟ್ರೊದ್ದು."

"ಟ್ರೊಟ್ರೊದೋರು ಎಲ್ಲಿಂದ ತಗೊಂಡ್ರು ಅಂದ್ಕೊಂಡಿದೀರಿ? ನನ್ನ ಅಂಗಡಿಗೆ ಈ ಬಟ್ಟೆ ಬಂದಾಗ ಡ್ರೈವರುಗಳ ಹೆಂಡ್ತೀರು ಬೆಳಗಾಗೋದ್ರೊಳಗೆ ಸಾಲು ನಿಂತಿದ್ರು."

"ನಾಲ್ಕು ದಿನದಲ್ಲಿ ಅದೊಂದು ಮಾತ್ರ ನಿಜ ಹೇಳಿದ್ರಾ?"

"ಅವತ್ತು ಸ್ವಲ್ಪ ಹೊತ್ತು ಗಾಡಿ ಬರಲಿಲ್ಲ" ಎಂದಳು ಅತ್ತೆ. "ಇನ್ನೇನು ಹೇಳ್ಲಿ ಮತ್ತೆ?"

ಕ್ವಾಕು ಅಡುಗೆಮನೆಯ ಕಡೆ ನೋಡಿದ. ಒಲೆ ತಣ್ಣಗಿತ್ತು. ಪುಸ್ತಕದ ಹೊಸ ಪುಟದಲ್ಲಿ ಸಂಖ್ಯೆ ಒಂದು ಎಂದು ಬರೆದು, ಪೆನ್ನು ಹಿಡಿದು ಕಾದ. ಮಾಮೆ ಅಚ್ಯಾ ಬಾಟಲಿಯ ಮುಚ್ಚಳ ಬಿಗಿದು, ತನ್ನ ಕುರ್ಚಿಯನ್ನು ಎತ್ತಿ ನಿಧಾನವಾಗಿ ರಸ್ತೆಯ ಕಡೆಗೆ ತಿರುಗಿಸಿಕೊಂಡಳು.

"ಬೆನ್ನಿಗೆ ಬಿಸಿಲು ಹೊಡೀತಿದೆ, ಮೇಷ್ಟ್ರೇ. ಮುಂದಿನದು ತೋರಿಸಿ."